ನಾಚಿಯಮ್ಮನ ಹದಿನೆಂಟು ಟ್ಯಾಂಕುಗಳು

ನೆಗಮದ ನೇಕಾರರ ಬೀದಿಯ ಹೆಂಗಸರು ನಾಚಿಯಮ್ಮನಿಗೆ ವರ್ಷಕ್ಕೆ ಮೂರು ಹೆರಿಗೆ ಎನ್ನುತ್ತಿದ್ದರು. ಅವಳ ಅಣ್ಣ ಲಿಂಗಪ್ಪನ್ ಪೊಳ್ಳಾಚಿ ಬಸ್ಸಿನಿಂದ ಇಳಿದು, ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಎದೆಗವಚಿಕೊಂಡು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ನೂಲಿಗೆ ಗಂಜಿ ಹಚ್ಚುತ್ತಿದ್ದವರು ಕುಂಚ ಕೆಳಗಿಟ್ಟು, ನೋಡಮ್ಮಾ ಬಂತು ಕೂಸು ಎನ್ನುವರು. ಹೋದ ಸಲದ್ದು ಕರೀದು, ಈ ಸಲ ಏನು ಬಣ್ಣವೋ ಎಂದು ಒಬ್ಬಳು. ಹತ್ತು ದಿನ ಉಜ್ಜಿ ತೊಳೆದು ಸಿಂಗಾರ ಮಾಡ್ತಾಳೆ, ಹನ್ನೊಂದನೇ ದಿನಕ್ಕೆ ಅಣ್ಣ ಹೊತ್ಕೊಂಡು ಹೋಗ್ತಾನೆ, ಹೆತ್ತದ್ದು ಒಂದೂ ನಿಲ್ಲಲ್ಲ ಎಂದು ಇನ್ನೊಬ್ಬಳು. ಎದುರು ಮನೆಯ ರಾಮಾತಾಳ್ ಮಾತ್ರ ಗಂಡಸರ ಹಾಗೆ ಗಟ್ಟಿಯಾಗಿ ನಗುತ್ತಾ, ಇದ್ಯಾವ ಕೂಸು ಕಣೇ, ಮೈಯೆಲ್ಲ ಸೀಮೆಎಣ್ಣೆ ನಾತ ಎನ್ನುವಳು.

ಗಂಟಿನೊಳಗೆ ಇರುತ್ತಿದ್ದದ್ದು ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕು. ಕುದುರೆ ಬೆನ್ನಿಗೆ ಹಾಕುವ ಜೀನಿನ ಹಾಗೆ ಎರಡು ಬದಿಗೂ ಇಳಿಬಿದ್ದು, ನಡುವೆ ತಗ್ಗು ಇರುವ ತಗಡಿನ ಹೊಟ್ಟೆ ಅದು. ಬಾಯಿಗೆ ಹಳೇ ಬಟ್ಟೆ ತುರುಕಿರುತ್ತಿದ್ದರು. ಅದಕ್ಕೆ ಹೊಸ ಬಣ್ಣ ಹಚ್ಚಿ, ಬಣ್ಣದ ಮೇಲೆ ಬಂಗಾರದ ಗೆರೆ ಎಳೆದು ಕಳಿಸುವವಳು ನಾಚಿಯಮ್ಮ. ಬೀದಿಯವರಿಗೆ ಇದು ಗೊತ್ತಿತ್ತು. ಟ್ಯಾಂಕು ಬರುತ್ತಿದ್ದ ಕೊಯಮತ್ತೂರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾಚಿಯಮ್ಮ ಆ ಬೀದಿಯ ಮಗಳೇ. ಹದಿನೆಂಟನೆಯ ವಯಸ್ಸಿಗೆ ಗಂಡ ವಾಂತಿಭೇದಿಯಲ್ಲಿ ಹೋದ. ಅತ್ತೆಮನೆಯಿಂದ ಅಣ್ಣ ಕರೆದುಕೊಂಡು ಬಂದ. ಅಂದಿನಿಂದ ಬಿಳೀ ಸೀರೆ. ಹುಡುಗಿಯಾಗಿದ್ದಾಗ ಇಡೀ ಬೀದಿಯಲ್ಲಿ ಅವಳು ಎಳೆದ ರಂಗೋಲಿಯ ಗೆರೆಯಷ್ಟು ಸಣ್ಣದು, ಅಷ್ಟು ಒಂದೇ ಸಮ ಬೇರೆ ಯಾರ ಬೆರಳಿಂದಲೂ ಇಳಿಯುತ್ತಿರಲಿಲ್ಲ. ವಾಪಸು ಬಂದ ಮೇಲೆ ಮುಂಬಾಗಿಲಿಗೆ ರಂಗೋಲಿ ಹಾಕುವುದು ಅತ್ತಿಗೆ ಬೆಳ್ಳಿಯಮ್ಮನ ಪಾಲಿಗೆ ಹೋಯಿತು. ಬೆಳ್ಳಿಯಮ್ಮನ ಗೆರೆ ಹಸು ನಡೆದ ಹಾಗೆ ಅಂಕುಡೊಂಕು. ನಾಚಿಯಮ್ಮ ಒಳಗೆ ನಿಂತು ನೋಡುವಳು. ಹಿತ್ತಲಲ್ಲಿ ಯಾರೂ ಇಲ್ಲದಾಗ ಮಣ್ಣಿನ ಮೇಲೆ ಕಡ್ಡಿಯಲ್ಲಿ ಒಂದು ಗೆರೆ ಎಳೆದು, ಕಾಲಲ್ಲಿ ಅಳಿಸಿ ಒಳಗೆ ಬರುವಳು.

ಮೂವತ್ತೊಂದನೆಯ ಇಸವಿಯಲ್ಲಿ ನೂಲು ಕೊಡುವ ಯಜಮಾನರು ಬೀದಿಯ ಅರ್ಧ ಮನೆಗಳಿಗೆ ನೂಲು ಕೊಡುವುದನ್ನು ನಿಲ್ಲಿಸಿದರು. ಸೀರೆ ಕೊಳ್ಳುವವರಿಲ್ಲ, ನೇಯ್ದು ಏನು ಮಾಡುತ್ತೀರಿ ಎಂದರು. ಈ ಮನೆಯ ಗುಂಡಿಮಗ್ಗದಲ್ಲಿ ಜೇಡ ಬಲೆ ಕಟ್ಟಿತು. ಲಿಂಗಪ್ಪನ್ ಕೊಯಮತ್ತೂರಿಗೆ ಹೋಗಿ ರೈಲು ಗೇಟಿನ ಪಕ್ಕದ ದೇವರಾಜನ ಪಟ್ಟರೆಯಲ್ಲಿ ಕೆಲಸಕ್ಕೆ ಸೇರಿದ. ರಿಪೇರಿ ಕಾರ್ಖಾನೆಗೆ ಆ ಕಡೆ ಪಟ್ಟರೆ, ಅದರ ಯಜಮಾನನಿಗೆ ಮೊದಲಾಳಿ, ಗಾಡಿಗೆ ವಂಡಿ ಎನ್ನುತ್ತಾರೆ. ದೇವರಾಜನಲ್ಲಿ ಒಂದು ಕೈಚಳಕವಿತ್ತು. ಬೆಟ್ಟದ ಕಾಫಿ ತೋಟದವರು, ಗಿರಣಿಯವರ ಮಕ್ಕಳು ಹಳೆಯ ಮೋಟಾರ್ ಸೈಕಲ್ಲು ತಂದು ಬಿಟ್ಟರೆ, ಹ್ಯಾಂಡಲ್ಲು ಬದಲಿಸಿ, ಹೊಗೆ ಕೊಳವೆಗೆ ಬೆಳ್ಳಿಯ ಹೊಳಪು ಕೊಟ್ಟು, ದೊಡ್ಡ ದೀಪ ಕೂರಿಸಿ, ಬೇಕೆಂದವರಿಗೆ ಪಕ್ಕಕ್ಕೆ ಇನ್ನೊಬ್ಬರು ಕೂರುವ ತೊಟ್ಟಿಲು ಸೇರಿಸಿ, ಊರಲ್ಲಿ ಇನ್ನೊಬ್ಬರ ಹತ್ತಿರ ಇಲ್ಲದಂಥ ವಂಡಿ ಮಾಡಿ ಕೊಡುತ್ತಿದ್ದ. ಲಿಂಗಪ್ಪನದು ಹಳೇ ಬಣ್ಣ ಉಜ್ಜಿ ತೆಗೆಯುವ ಕೆಲಸ. ಗೆರೆ ಎಳೆಯುವವನೊಬ್ಬ ಬೇರೆ ಇದ್ದ. ಅವನು ಒಂದು ದಿನ ಹೇಳದೆ ಕೇಳದೆ ಮದರಾಸಿಗೆ ಹೊರಟುಹೋದ. ದೇವರಾಜನ್ ಲಿಂಗಪ್ಪನ ಕಡೆ ತಿರುಗಿ, ನಿನಗೆ ಬರುತ್ತಾ ಎಂದು ಕೇಳಿದ. ಲಿಂಗಪ್ಪನ್, ನೇಕಾರನಿಗೆ ಗೆರೆ ಬರದೆ ಇರುತ್ತಾ ಮೊದಲಾಳಿ ಎಂದುಬಿಟ್ಟ.

ಬರುತ್ತಿರಲಿಲ್ಲ. ಕುಂಚ ಹಿಡಿದರೆ ಕೈ ನಡುಗುತ್ತಿತ್ತು. ಎರಡು ಸಲ ಎಳೆದು ಎರಡು ಸಲ ಒರೆಸಿ, ಮೂರನೆಯ ಸಲಕ್ಕೆ ಒಂದು ನೆವ ಹುಡುಕಿದ. ಇಲ್ಲಿ ಧೂಳು ಮೊದಲಾಳಿ, ಬಣ್ಣ ಒಣಗುವ ಮೊದಲೇ ಮರಳು ಕೂರುತ್ತೆ, ನಮ್ಮ ಮಗ್ಗದ ಕೋಣೆ ತಂಪು, ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳಲ್ಲ, ಊರಿಗೆ ತಗೊಂಡು ಹೋಗಿ ಮಾಡ್ಕೊಂಡು ಬರ್ತೀನಿ ಎಂದ. ಅದು ನೆವವಾದರೂ ನಿಜವೇ ಆಗಿತ್ತು. ಪಾಲಕ್ಕಾಡು ಕಣಿವೆಯ ಗಾಳಿ ಬೀಸುವ ತಿಂಗಳುಗಳಲ್ಲಿ ಕೊಯಮತ್ತೂರಿನ ಧೂಳು ಅನ್ನದ ತಟ್ಟೆಗೂ ಬೀಳುತ್ತದೆ. ದೇವರಾಜನ್ ಒಪ್ಪಿದ.

ಹಾಗೆ ಮೊದಲನೆಯ ಟ್ಯಾಂಕು ನೆಗಮಕ್ಕೆ ಬಂತು. ಮಗ್ಗದ ಕೋಣೆಯಲ್ಲಿ ಲಿಂಗಪ್ಪನ್ ಬೆವರುತ್ತಾ ಕೂತಿದ್ದಾಗ ನಾಚಿಯಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಬಂದು ಅವನ ಕೈಯಿಂದ ಕುಂಚ ತೆಗೆದುಕೊಂಡಳು. ಮೂಸಿ ನೋಡಿ, ಇದು ಹಂದಿ ಕೂದಲು, ಇದರಲ್ಲಿ ಏನು ಗೆರೆ ಬರುತ್ತೆ ಎಂದಳು. ಬೆಕ್ಕು ಹಿಡಿದು ಹಿತ್ತಲಲ್ಲಿ ಬಿಟ್ಟುಹೋಗಿದ್ದ ಅಳಿಲಿನ ಬಾಲದಿಂದ ಬೆರಳುದ್ದದ ಕೂದಲು ಆರಿಸಿ, ನವಿಲುಗರಿಯ ಕೊಳವೆಗೆ ನೂಲಿನಲ್ಲಿ ಕಟ್ಟಿ, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಉಸಿರು ಹಿಡಿದು ಒಂದೇ ಎಳೆತಕ್ಕೆ ಆ ಬದಿಯಿಂದ ಈ ಬದಿಗೆ ಎಳೆದಳು. ಉಸಿರು ಬಿಟ್ಟಾಗ ಗೆರೆ ಮುಗಿದಿತ್ತು. ಲಿಂಗಪ್ಪನ್ ತಂಗಿಯ ಮುಖ ನೋಡಿದ. ಹನ್ನೆರಡು ವರ್ಷಗಳಲ್ಲಿ ಆ ಮುಖ ಅಷ್ಟು ಬೆಳಗಿದ್ದನ್ನು ಅವನು ಕಂಡಿರಲಿಲ್ಲ.

ಅಂದಿನಿಂದ ಕೆಲಸ ಅವಳದೇ ಆಯಿತು. ಬಾಗಿಲಿಗೆ ಒದ್ದೆ ಸೀರೆ ಕಟ್ಟಿ ಧೂಳು ತಡೆಯುವಳು. ಮರಳು ಅಂಟಿಸಿದ ಉಪ್ಪುಕಾಗದಕ್ಕೆ ನೀರು ಹಾಕಿ ಟ್ಯಾಂಕನ್ನು ಉಜ್ಜುವಳು. ಕೆನ್ನೆಗೆ ತಾಗಿಸಿ ನೋಡಿ, ಎಲ್ಲಿ ಒರಟು ಎನಿಸಿತೋ ಅಲ್ಲಿ ಮತ್ತೆ ಉಜ್ಜುವಳು. ಒಂದು ಪದರ ಬಣ್ಣ, ಎರಡು ದಿನ ಆರಲು, ಮತ್ತೆ ಉಜ್ಜು, ಮತ್ತೊಂದು ಪದರ, ಹೀಗೆ ನಾಲ್ಕು. ಕೊನೆಗೆ ಗೆರೆ, ಗೆರೆಯ ಮೇಲೆ ವಾರ್ನಿಷ್. ಆ ಹತ್ತು ದಿನ ಅವಳು ಬೆಳ್ಳಿಯಮ್ಮನ ಚುಚ್ಚು ಮಾತಿಗೂ ನಗುತ್ತಿದ್ದಳು. ಹನ್ನೊಂದನೆಯ ದಿನ ಅಣ್ಣ ಗಂಟು ಕಟ್ಟಿಕೊಂಡು ಹೋದ ಮೇಲೆ, ಖಾಲಿ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರುತ್ತಿದ್ದಳು.

ಅವಳಿಗೆ ಒಂದು ಆಸೆ ಹತ್ತಿದ್ದು ಎರಡನೆಯ ಟ್ಯಾಂಕಿನ ಹೊತ್ತಿಗೆ. ಟ್ಯಾಂಕು ಬರುವುದು ಒಂಟಿಯಾಗಿ, ಹೋಗುವುದು ಒಂಟಿಯಾಗಿ. ಅದು ಕೂರುವ ಮೈ ಎಂಥದು, ಅದರ ಕಾಲು ಎಲ್ಲಿ, ಮುಖ ಎಲ್ಲಿ ಅವಳು ಕಂಡವಳಲ್ಲ. ಒಮ್ಮೆ ಪೊಲೀಸ್ ಇನ್ಸ್‌ಪೆಕ್ಟರ ಕರೀ ಮೋಟಾರ್ ಸೈಕಲ್ಲು ಸಂತೆಯ ದಾರಿಯಲ್ಲಿ ಹಾರಿಹೋದದ್ದನ್ನು ಕಂಡಿದ್ದಳು, ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ತಾನು ಗೆರೆ ಎಳೆದ ವಂಡಿಯೊಂದನ್ನು ಮುಳುಸಾ, ಅಂದರೆ ಇಡಿಯಾಗಿ, ಓಡುವುದನ್ನು ಒಂದೇ ಒಂದು ಸಲ ನೋಡಬೇಕು. ಆಸೆ ಇಷ್ಟೇ.

ಅಣ್ಣ ಊರಿಗೆ ಬಂದಾಗ ಅವನು ಊಟಕ್ಕೆ ಕೂರುವ ಮೊದಲೇ ಕೇಳುವಳು. ಹೋದ ಸಲದ್ದು ಯಾರು ತಗೊಂಡರು, ಅದಕ್ಕೆ ಎಂಥ ದೀಪ ಹಾಕಿದಿರಿ, ಬಿಸಿಲಲ್ಲಿ ಗೆರೆ ಹೇಗೆ ಕಾಣುತ್ತೆ. ಲಿಂಗಪ್ಪನ್ ಅನ್ನ ಕಲೆಸುತ್ತಾ ಹೇಳುವನು. ಅವನು ಹೇಳಿದ್ದನ್ನು ಕೇಳಿಸಿಕೊಂಡು ಅವಳು ಹಿತ್ತಲಲ್ಲಿ ಅಕ್ಕಿ ಹಿಟ್ಟಿನಿಂದ ವಂಡಿ ಬರೆದಳು. ಮೊದಲ ಸಲ ದೀಪ ಹಿಂದಕ್ಕೆ ಬಂದಿತ್ತು, ಸೀಟು ಟ್ಯಾಂಕಿನ ಮುಂದೆ. ಲಿಂಗಪ್ಪನ್ ನಕ್ಕು ನಕ್ಕು ಕೆಮ್ಮಿದ. ಅಲ್ಲಮ್ಮಾ, ಹೀಗೆ ಕೂತರೆ ಹ್ಯಾಂಡಲ್ಲನ್ನು ಬೆನ್ನಲ್ಲಿ ಹಿಡಿಯಬೇಕು ಎಂದ. ಅವಳೂ ನಕ್ಕಳು. ಆಮೇಲೆ, ಅದಕ್ಕೇ ಒಂದು ಸಲ ತೋರ್ಸಣ್ಣಾ ಎಂದಳು. ಮುಂದಿನ ಸಲ ಎಂದ.

ಮುಂದಿನ ಸಲವೂ ಮುಂದಿನ ಸಲ ಎಂದ. ಕಾರಣ ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಸಿಂಗಾರವಾದ ವಂಡಿ ಪಟ್ಟರೆಯಿಂದ ಹೊರಡುವ ದಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ, ಕರ್ಪೂರ ಹಚ್ಚುತ್ತಾರೆ, ಹ್ಯಾಂಡಲ್ಲಿಗೆ ಮಲ್ಲಿಗೆ ಸುತ್ತುತ್ತಾರೆ. ಆ ಹೊತ್ತಿಗೆ ಬಿಳೀ ಸೀರೆಯವಳು ಎದುರಿಗೆ ನಿಂತರೆ ಯಾವ ಮೊದಲಾಳಿ ಸುಮ್ಮನಿದ್ದಾನು. ಅದಕ್ಕಿಂತ ಹೆಚ್ಚಾಗಿ, ಗೆರೆ ಎಳೆದದ್ದೇ ಅವಳು ಎಂದು ಗೊತ್ತಾದರೆ ವಂಡಿಯನ್ನು ಮನೆಗೆ ತಗೊಂಡು ಹೋಗುವವನಾದರೂ ಯಾರು. ನಾಚಿಯಮ್ಮ ತಾನೇ ಮದುವೆ ದಿಬ್ಬಣ ಬಂದರೆ ಸಂದಿಗೆ ಸರಿದು ನಿಲ್ಲುವವಳು. ಹಾಗಾಗಿ ಅವಳು ಜಗಳವಾಡಲಿಲ್ಲ. ಕೇಳುವುದನ್ನು ಬಿಡಲೂ ಇಲ್ಲ.

ಏಳನೆಯ ಟ್ಯಾಂಕು ತಿರುಪ್ಪೂರಿನ ಹತ್ತಿ ವ್ಯಾಪಾರಿ ಚೆನ್ನಿಯಪ್ಪನದು. ಅವನೂ ನಮ್ಮ ಹಾಗೆ ಕನ್ನಡ ಮಾತಿನವನೇ, ಹೊಲ ಬಿಟ್ಟು ಹತ್ತಿಗೆ ಇಳಿದ ಕುಳ. ಎಲ್ಲರಿಗೂ ಹಾಕಿದ ಹಾಗೆ ಹಾಕಬೇಡಿ, ಕಂಡವರು ತಿರುಗಿ ನೋಡಬೇಕು ಎಂದು ಹೇಳಿಹೋಗಿದ್ದ. ಲಿಂಗಪ್ಪನ್ ಅದನ್ನೇ ತಂಗಿಗೆ ಹೇಳಿ, ಏನಾದರೂ ನಿನಗೆ ತೋಚಿದ್ದು ಹಾಕು ಎಂದು ಬಿಟ್ಟುಹೋದ. ನಾಚಿಯಮ್ಮ ಎರಡು ದಿನ ಯೋಚಿಸಿದಳು. ಅವಳ ಕೈಗೆ ಗೊತ್ತಿದ್ದದ್ದು ಸೀರೆಯ ಅಂಚು. ಹಸಿರು ಟ್ಯಾಂಕಿಗೆ ಕುಂಕುಮದ ಬಣ್ಣದಲ್ಲಿ ಗೋಪುರದ ಅಂಚು, ಬೆರಳಗಲದ ಗೋಪುರಗಳ ಸಾಲು, ಪ್ರತಿ ಗೋಪುರಕ್ಕೂ ಬಂಗಾರದ ಗೆರೆ. ಅದನ್ನು ಎಡಬದಿಗೆ ಹಾಕಿದಳು. ಬಲಬದಿಗೆ ಬರೀ ಒಂದು ಸಣ್ಣ ಗೆರೆ ಎಳೆದು ಮುಗಿಸಿದಳು.

ಯಾಕೆಂದರೆ ಸೀರೆಗೆ ಅಗಲ ಅಂಚು ಒಂದೇ ಕಡೆ. ಇನ್ನೊಂದು ಕಡೆಯದು ಸೊಂಟದಲ್ಲಿ ಸಿಕ್ಕಿಸಿ ಮರೆಯಾಗುವುದು, ಅದಕ್ಕೆ ಒಂದು ಸಣ್ಣ ಎಳೆ ಸಾಕು. ವಂಡಿ ಹತ್ತುವುದು ಎಡಗಡೆಯಿಂದ ಎಂದು ಅಣ್ಣ ಹೇಳಿದ್ದ. ಪಟ್ಟರೆಯಲ್ಲಿ ಬಲಗಡೆಯನ್ನು ಗೋಡೆಗೆ ಸೇರಿಸಿ ಸಾಲಾಗಿ ನಿಲ್ಲಿಸುತ್ತೇವೆ ಎಂದೂ ಹೇಳಿದ್ದ. ಅಂದಮೇಲೆ ಮೋಟಾರಿಗೂ ಕಾಣುವ ಬದಿ ಒಂದು, ಸಿಕ್ಕಿಸುವ ಬದಿ ಒಂದು ಎಂದು ಅವಳು ತೀರ್ಮಾನಿಸಿದ್ದಳು. ಇಡಿಯಾಗಿ ಒಂದು ವಂಡಿಯನ್ನು ನೋಡಿದ್ದರೆ ಆ ತಪ್ಪಾಗುತ್ತಿರಲಿಲ್ಲ.

ಲಿಂಗಪ್ಪನ್ ಬಿಚ್ಚಿ ನೋಡದೆ ಗಂಟನ್ನು ಒಯ್ದ. ಪಟ್ಟರೆಯಲ್ಲಿ ಅವನು ಕೈ ತೊಳೆದು ಬರುವಷ್ಟರಲ್ಲಿ ಟ್ಯಾಂಕನ್ನು ವಂಡಿಗೆ ಕೂರಿಸಿದ್ದರು. ದೇವರಾಜನ್ ಎಡಗಡೆ ನೋಡಿ ಶಹಬ್ಬಾಸ್ ಎಂದ, ಸುತ್ತಿ ಬಲಗಡೆಗೆ ಬಂದು ಮುಖ ಕಪ್ಪಗೆ ಮಾಡಿಕೊಂಡ. ಬಣ್ಣ ತೀರಿತಾ, ಬುದ್ಧಿ ತೀರಿತಾ ಎಂದು ಕೇಳಿದ. ಅಷ್ಟರಲ್ಲಿ ಚೆನ್ನಿಯಪ್ಪನೇ ಬಂದ. ಕರ್ಪೂರದ ತಟ್ಟೆ ಸಿದ್ಧವಾಗಿತ್ತು. ಅವನು ವಂಡಿಯನ್ನು ಮೂರು ಸುತ್ತು ಸುತ್ತಿದ. ಬಟ್ಟೆಯ ಊರಿನವನು, ಕಣ್ಣಿಗೆ ಬಿದ್ದದ್ದು ಏನೆಂದು ಅವನಿಗೆ ತಿಳಿಯಿತು. ಇದು ನೆಗಮದ ಅಂಚಲ್ಲವಾ ಎಂದ. ಲಿಂಗಪ್ಪನ ಕಡೆ ತಿರುಗಿ, "ನಿಜ ಹೇಳಪ್ಪಾ. ಇದು ಗಂಡಸು ಎಳೆದ ಗೆರೆ ಅಲ್ಲ. ಯಾರು ಹಾಕಿದ್ದು?" ಎಂದು ಕೇಳಿದ.

ತಂಗಿ ಎನ್ನಲು ಲಿಂಗಪ್ಪನ್ ಬಾಯಿ ತೆರೆದ. ಎದುರಿಗಿದ್ದ ಕರ್ಪೂರದ ತಟ್ಟೆ ಕಣ್ಣಿಗೆ ಬಿತ್ತು.

"ನನ್ನ ಹೆಂಡ್ತಿ" ಎಂದ.

ಚೆನ್ನಿಯಪ್ಪನಿಗೆ ಸಂತೋಷವಾಯಿತು. ಅಂಥ ಕೈಯವಳಿಂದ ಹೂವು ಮುಡಿಸಿಕೊಂಡೇ ವಂಡಿ ರಸ್ತೆಗಿಳಿಯಲಿ, ಬರುವ ಶುಕ್ರವಾರ ನಾನೇ ನೆಗಮಕ್ಕೆ ತರುತ್ತೇನೆ, ನಿನ್ನ ಹೆಂಡ್ತಿಗೆ ಹೇಳು ಎಂದ. ಬಲಗಡೆಗೂ ಅಂಚು ಹಾಕಿಸಿಕೊಡುತ್ತೇವೆ ಎಂದು ದೇವರಾಜನ್ ಬೇಡಿಕೊಂಡರೂ, ಬೇಡ, ಹೀಗೇ ಇರಲಿ, ಇದರ ಹಾಗೆ ಇನ್ನೊಂದಿಲ್ಲ ಎಂದ.

ಈ ಸುದ್ದಿಯನ್ನು ಲಿಂಗಪ್ಪನ್ ಮನೆಯಲ್ಲಿ ಹೇಗೆ ಹೇಳಿದನೋ. ಹೇಳಿದಾಗ ಬೆಳ್ಳಿಯಮ್ಮ ಎದ್ದು ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದಳಂತೆ. ನಾಚಿಯಮ್ಮ, ಶುಕ್ರವಾರ ಎಷ್ಟು ಹೊತ್ತಿಗೆ ಬರುತ್ತೆ ಎಂದು ಮಾತ್ರ ಕೇಳಿದಳು.

ಶುಕ್ರವಾರ ಬೆಳಗ್ಗೆ ಬೆಳ್ಳಿಯಮ್ಮ ಮದುವೆಯ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತಳು. ಇಡೀ ಬೀದಿ ಹೊರಗಿತ್ತು. ಯಾರೂ ಗುಟ್ಟು ಬಿಡಲಿಲ್ಲ. ಬೀದಿಯ ಮರ್ಯಾದೆ ಎಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಾಚಿಯಮ್ಮ ಮಗ್ಗದ ಕೋಣೆಯಲ್ಲಿದ್ದಳು. ಆ ಕೋಣೆಗೆ ಬೀದಿಯ ಕಡೆ ಅಂಗೈಯಗಲದ ಒಂದು ಬೆಳಕಿಂಡಿ ಇತ್ತು. ಅದಕ್ಕೆ ಮುಖ ಆನಿಸಿಕೊಂಡು ಬೆಳಗಿನಿಂದ ನಿಂತಿದ್ದಳು.

ಪಲ್ಲಡಂ ರಸ್ತೆಯ ಕಡೆಯಿಂದ ಸದ್ದು ಬಂತು. ಹತ್ತಿರವಾಯಿತು. ನೆಲ ಸಣ್ಣಗೆ ನಡುಗಿತು. ಮಗ್ಗದ ಮೇಲಿದ್ದ ಖಾಲಿ ಲಾಳಿ ಗಡಗಡ ಎಂದಿತು. ಚೆನ್ನಿಯಪ್ಪನ್ ಬೀದಿಯಲ್ಲಿ ಬಂದು, ವಾಪಸು ಹೋಗುವಾಗ ಸುಲಭವಾಗಲಿ ಎಂದು ವಂಡಿಯನ್ನು ಬಂದ ದಾರಿಗೆ ತಿರುಗಿಸಿ ಅವರ ಮನೆಯ ಮುಂದೆ ನಿಲ್ಲಿಸಿದ. ಹಾಗೆ ತಿರುಗಿಸಿದ್ದರಿಂದ ವಂಡಿಯ ಬಲಗಡೆ ಮನೆಯ ಕಡೆಗಾಯಿತು, ಎಡಗಡೆ ಎದುರು ಮನೆಯ ಕಡೆಗೆ.

ನಾಚಿಯಮ್ಮನಿಗೆ ಕಂಡದ್ದು ಮೂರು ಮೊಳ ದೂರದಲ್ಲಿ ಹೊಳೆಯುವ ದೊಡ್ಡ ದೀಪ, ಅವಳು ಹಿಟ್ಟಿನಲ್ಲಿ ಬರೆದದ್ದಕ್ಕಿಂತ ಎಷ್ಟೋ ಅಗಲವಾದ ಹ್ಯಾಂಡಲ್ಲು, ಬೆಳ್ಳಿಯಂಥ ಕೊಳವೆ, ಹಸಿರು ಟ್ಯಾಂಕು, ಟ್ಯಾಂಕಿನ ಮೇಲೆ ಯಾರಿಗೂ ಕಾಣಲಿಕ್ಕಿಲ್ಲ ಎಂದು ಅವಳು ಎಳೆದಿದ್ದ ಒಂದು ಸಣ್ಣ ಗೆರೆ. ಅಷ್ಟೇ. ಗೋಪುರಗಳೆಲ್ಲ ಆಚೆಗಿದ್ದವು.

ಹೊರಗೆ ಬೆಳ್ಳಿಯಮ್ಮ ಆರತಿ ಎತ್ತಿದಳು, ಹೂವು ಮುಡಿಸಿದಳು. ಚೆನ್ನಿಯಪ್ಪನ್ ಕೈಮುಗಿದು, ಒಂದು ಬದಿಗೆ ಮಾತ್ರ ಅಂಚು ಹಾಕಬೇಕು ಅಂತ ಹೇಗೆ ತೋಚಿತು ಅಕ್ಕಾ ಎಂದು ಕೇಳಿದ. ಲಿಂಗಪ್ಪನ್ ಹೆಂಡತಿಯ ಕಡೆ ನೋಡಿದ. ಬೆಳ್ಳಿಯಮ್ಮ ಮಾತಿಗೆ ಸೋಲುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಎರಡು ಅಂಚೂ ಹೊರಗೆ ಬಿಟ್ಕೊಂಡು ಸೀರೆ ಉಡ್ತಾರಾ ಅಣ್ಣಾ?" ಎಂದಳು. ಬೀದಿಯೆಲ್ಲ ನಕ್ಕಿತು. ಚೆನ್ನಿಯಪ್ಪನೂ ತಲೆಯಲ್ಲಾಡಿಸಿ ನಕ್ಕ. ಅದು ನಾಚಿಯಮ್ಮ ಹಿಂದಿನ ದಿನ ಅಡಿಗೆಮನೆಯಲ್ಲಿ ಅತ್ತಿಗೆಗೆ ಹೇಳಿದ್ದ ಮಾತೇ. ಬೆಳಕಿಂಡಿಯ ಹಿಂದೆ ನಿಂತು ತನ್ನ ಮಾತಿಗೆ ಊರು ನಗುವುದನ್ನು ಅವಳು ಕೇಳಿದಳು.

ಸದ್ದು ಎದ್ದಿತು, ಧೂಳು ಎದ್ದಿತು, ವಂಡಿ ಹೋಯಿತು.

ಬೀದಿ ಖಾಲಿಯಾದ ಮೇಲೆ ನಾಚಿಯಮ್ಮ ಹಿತ್ತಲಿಂದ ಸುತ್ತಿ ಎದುರು ಮನೆಗೆ ಹೋದಳು. ರಾಮಾತಾಳ್ ಒರಳ ಮುಂದೆ ಕೂತಿದ್ದಳು.

"ಅಕ್ಕಾ, ನಿಮ್ಮ ಕಡೆಗೆ ಹೇಗಿತ್ತು, ಹೇಳು."

ರಾಮಾತಾಳಿಗೆ ಗೇಲಿ ಮಾಡುವ ಮನಸ್ಸು ಬರಲಿಲ್ಲ. ನೀನು ಹಾಕಿದ್ದನ್ನ ನನ್ನ ಕೇಳ್ತೀಯಲ್ಲೇ ಎಂದಳು. ಹಾಕಿದ್ದು ಗೊತ್ತು, ವಂಡಿಯ ಮೇಲೆ ಹೇಗಿತ್ತು ಹೇಳು ಎಂದಳು ಇವಳು. ರಾಮಾತಾಳ್ ಕೈ ಒರೆಸಿಕೊಂಡು ಹೇಳಿದಳು. ಅವನ ಕಾಲು ಟ್ಯಾಂಕಿಗೆ ತಾಗ್ತಿತ್ತು, ಕಾಲಿನ ಮೇಲಕ್ಕೆ ಗೋಪುರ ಸಾಲಾಗಿ ಹೋಗ್ತಿತ್ತು. ವಂಡಿ ನಡುಗೋವಾಗ ಗೋಪುರಾನೂ ನಡುಗ್ತಿತ್ತು, ನೀರಲ್ಲಿ ಕಂಡ ಹಾಗೆ. ನಮ್ಮ ದೊಡ್ಡಮ್ಮ ಧಾರೆಗೆ ಉಟ್ಟಿದ್ಲಲ್ಲ, ಆ ಸೀರೆ ಎದ್ದು ಓಡಿದ ಹಾಗಿತ್ತು. ನಾಚಿಯಮ್ಮ ಎಲ್ಲ ಕೇಳಿ, ಇನ್ನೊಂದು ಸಲ ಹೇಳು ಎಂದಳು. ಆಮೇಲೆ ವಾರಕ್ಕೊಮ್ಮೆಯಾದರೂ ಆ ಮನೆಗೆ ಹೋಗಿ ಅದನ್ನೇ ಹೇಳಿಸಿಕೊಳ್ಳುವಳು. ಹೇಳಿ ಹೇಳಿ ರಾಮಾತಾಳ್ ಅದಕ್ಕೆ ಒಂದಿಷ್ಟು ಕೈಯಿಂದ ಸೇರಿಸತೊಡಗಿದಳು. ಇಲ್ಲದ ನವಿಲು ಬಂತು, ಇಲ್ಲದ ಜರಿ ಬಂತು. ನಾಚಿಯಮ್ಮ ಅದನ್ನೂ ಕೇಳಿಸಿಕೊಂಡಳು.

ತಮಾಷೆ ಏನೆಂದರೆ, ಚೆನ್ನಿಯಪ್ಪನ ವಂಡಿ ತಿರುಪ್ಪೂರು, ಅವಿನಾಶಿ, ಕೊಯಮತ್ತೂರು ಎಲ್ಲ ಸುತ್ತಿದ ಮೇಲೆ, ಒಂದು ಬದಿಗೆ ಅಂಚು ಹಾಕಿಸುವುದು ಗಿರಣಿಯವರ ಮಕ್ಕಳಿಗೆ ಖಯಾಲಿಯಾಯಿತು. ಲಂಡನ್ನಿನಲ್ಲಿ ಈಗ ಹೀಗೆಯೇ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ದೇವರಾಜನೂ ಅಲ್ಲ ಎನ್ನಲಿಲ್ಲ. ಮೂರು ವರ್ಷದಲ್ಲಿ ಹತ್ತು ಟ್ಯಾಂಕು ಬಂದವು. ಒಂದಕ್ಕೆ ಮಾವಿನಕಾಯಿ ಅಂಚು, ಒಂದಕ್ಕೆ ರುದ್ರಾಕ್ಷಿ, ಒಂದಕ್ಕೆ ಚೌಕಳಿ. ಹಾಕಿದಳು, ಕಳಿಸಿದಳು. ನೋಡಬೇಕೆಂಬುದು ಮಾತ್ರ ಉರಿಯುವ ಒಲೆಯ ಹಾಗೆ ಒಳಗೆ ಇದ್ದೇ ಇತ್ತು. ಅರ್ಧ ನೋಡಿದ್ದರಿಂದ ಅದು ಹೆಚ್ಚಾಗಿತ್ತು. ಅಣ್ಣ ಮುಂದಿನ ಸಲ ಎನ್ನುವುದನ್ನೂ ನಿಲ್ಲಿಸಿದ್ದ. ಕೇಳಿದಾಗ ತಟ್ಟೆಯ ಕಡೆ ನೋಡುತ್ತಿದ್ದ.

ಮೂವತ್ತೇಳನೆಯ ಇಸವಿಯ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಹದಿನೆಂಟನೆಯದನ್ನು ತಂದಾಗ ಲಿಂಗಪ್ಪನ್ ಗಂಟನ್ನು ಕೆಳಗಿಟ್ಟು ಮಗ್ಗದ ಲಾಳಿಯನ್ನು ಎತ್ತಿ ಧೂಳು ಒರೆಸಿದ. ಆಮೇಲೆ ಹೇಳಿದ. ದೇವರಾಜನ್ ಮದರಾಸಿನಿಂದ ಬಣ್ಣ ಊದುವ ಪಂಪು ತರಿಸಿದ್ದಾನೆ. ಗೆರೆ ಈಗ ಕಾಗದದಲ್ಲೇ ಬರುತ್ತದೆ, ನೀರಲ್ಲಿ ನೆನೆಸಿ ಟ್ಯಾಂಕಿಗೆ ಅಂಟಿಸಿ ಕಾಗದ ಎಳೆದರೆ ಗೆರೆ ಉಳಿಯುತ್ತದೆ. ಒಂದೇ ದಿನದ ಕೆಲಸ. ನೂಲು ಮತ್ತೆ ಸಿಗುತ್ತಿದೆ, ನಾನೂ ಮಗ್ಗಕ್ಕೆ ವಾಪಸು ಬರುತ್ತೇನೆ.

"ಇದೇ ಕೊನೇದು ನಾಚಿ."

ಅವಳು ಟ್ಯಾಂಕನ್ನು ಬಿಚ್ಚಿ, ಕೆನ್ನೆಗೆ ತಾಗಿಸಿ ನೋಡಿದಳು. ಅದಕ್ಕೆ ಹತ್ತು ದಿನ ಹಿಡಿಯಲಿಲ್ಲ, ಇಪ್ಪತ್ತು ಹಿಡಿಯಿತು. ಈ ಸಲ ಎರಡು ಬದಿಗೂ ಗೋಪುರ ಹಾಕಿದಳು. ಕೇಳಿದವರು ಒಂದು ಬದಿಗೆ ಎಂದಿದ್ದರಲ್ಲ ಎಂದು ಲಿಂಗಪ್ಪನ್ ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ವಾರ್ನಿಷ್ ಆರಿದ ದಿನ, ಅಣ್ಣ ಊಟಕ್ಕೆ ಕೂತಿದ್ದಾಗ, ಇದನ್ನು ನಾನೇ ತಗೊಂಡು ಹೋಗ್ತೀನಿ ಎಂದಳು.

ಲಿಂಗಪ್ಪನ ಕೈ ನಿಂತಿತು. "ಅಲ್ಲಿ ಕರ್ಪೂರ ಹಚ್ಚಿರ್ತಾರೆ ತಾಯೀ" ಎಂದ. ಆರು ವರ್ಷದಲ್ಲಿ ಆ ಮಾತು ಬಾಯಿಗೆ ಬಂದದ್ದು ಅದೇ ಮೊದಲು.

"ಹಚ್ಲಿ. ನಾನು ರಸ್ತೆ ಆಚೆಗೆ ನಿಂತ್ಕೋತೀನಿ. ರಸ್ತೆ ಯಾರಪ್ಪಂದಣ್ಣಾ?"

ಬೆಳ್ಳಿಯಮ್ಮ ಒಳಗೆ ಹೋಗಿ ತನ್ನ ಮದುವೆ ಸೀರೆ ತಂದು ನಾದಿನಿಯ ಮಡಿಲಲ್ಲಿಟ್ಟಳು. ಇದನ್ನ ಉಟ್ಕೊಂಡು ಹೋಗು, ಊರಲ್ಲದ ಊರು, ಯಾರಿಗೆ ಗೊತ್ತಾಗುತ್ತೆ, ಬೇಕಾದಷ್ಟು ಹತ್ತಿರ ನಿಂತು ನೋಡು ಎಂದಳು. ಹೊಸಿಲಲ್ಲಿ ಆರತಿ ಎತ್ತಿದ ದಿನದಿಂದ ಅವಳ ನಾಲಿಗೆಯ ಮೊನೆ ಸ್ವಲ್ಪ ಮೊಂಡಾಗಿತ್ತು. ನಾಚಿಯಮ್ಮ ಸೀರೆಯ ಅಂಚನ್ನು ಬೆರಳಲ್ಲಿ ಸವರಿ, ಮಡಿಚಿ ವಾಪಸು ಕೊಟ್ಟಳು.

"ಇದನ್ನುಟ್ಟು ಹೋದ್ರೆ ಮತ್ತೂ ನೀನೇ ಹೋದ ಹಾಗಾಯ್ತಲ್ಲ ಅತ್ತಿಗೆ."

ಆಮೇಲೆ ಏನಾಯಿತು ಎನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ನಿಲ್ಲಬೇಕಾದದ್ದು ಅವಳು ಮನೆಯಿಂದ ಹೊರಟ ಬೆಳಗಿನಲ್ಲಿ.

ಲಿಂಗಪ್ಪನ್ ಕಳಿಸಿದ್ದು ಎಂದು ಟ್ಯಾಂಕನ್ನು ಕೆಲಸದ ಹುಡುಗನ ಕೈಗೆ ಕೊಟ್ಟು, ಪಟ್ಟರೆಯ ಎದುರು, ರಸ್ತೆಯ ಆಚೆ, ಹುಣಸೆ ಮರದಡಿ ಅವಳು ನಿಂತಳು. ಟ್ಯಾಂಕು ಕೂರಿಸುವುದನ್ನು ನೋಡಿದಳು. ಕರ್ಪೂರ ಹಚ್ಚುವಾಗ ಯಾರೋ ಬಂದು, ಸ್ವಲ್ಪ ಮರೆಗೆ ಹೋಗಮ್ಮಾ ಎಂದರು. ಹೋಗಲಿಲ್ಲ. ದೇವರಾಜನ್ ಅವಳನ್ನು ನೋಡಿದ, ಅವಳ ಬೆರಳಿಗೆ ಅಂಟಿದ್ದ ಕೆಂಪು ಬಣ್ಣವನ್ನೂ ನೋಡಿದ, ಏನು ತಿಳಿದುಕೊಂಡನೋ, ಸುಮ್ಮನೆ ಒಳಗೆ ಹೋದ. ವಂಡಿ ಗೇಟು ದಾಟಿ ಮೇಟುಪಾಳ್ಯದ ರಸ್ತೆ ಹಿಡಿದು ಬೆಟ್ಟದ ಕಡೆ ಹೋಯಿತು. ತಿರುಗುವಲ್ಲಿ ಒಂದು ಬದಿ, ತಿರುಗಿದ ಮೇಲೆ ಇನ್ನೊಂದು ಬದಿ ಕಂಡಿತು. ಎಲ್ಲ ಸೇರಿ ಒಂದು ವೀಳ್ಯ ಜಗಿಯುವಷ್ಟು ಹೊತ್ತು.

ನೋಡಿ ಮುಗಿಸಿದವಳು ನೆಗಮಕ್ಕೆ ವಾಪಸು ಬರಬಹುದಿತ್ತು. ಆದರೆ ಬೆಟ್ಟಕ್ಕೆ ಹೋಗುವ ಮೋಟಾರುಗಳೆಲ್ಲ ತುಡಿಯಲೂರು ದಾಟಿಯೇ ಹೋಗಬೇಕು ಎಂದು ಮರದಡಿ ಕೂತಿದ್ದ ಯಾರೋ ಹೇಳಿದರು. ತುಡಿಯಲೂರಿನಲ್ಲಿ ಅವಳ ಚಿಕ್ಕಮ್ಮ ಜಾನಮ್ಮ ಇದ್ದಳು, ರಸ್ತೆಗೆ ಕಾಣುವ ಮನೆ. ನಾಲ್ಕು ದಿನ ಇದ್ದು ಬರುತ್ತೇನೆ ಎಂದು ಅಣ್ಣನಿಗೆ ಹೇಳಿ ಕಳಿಸಿದಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಅಲ್ಲಿ ಎತ್ತಿನ ಗಾಡಿಗಳ ಮೂಕಿಗೆ, ಬಸ್ಸಿನ ಪಕ್ಕಕ್ಕೆ ಗೆರೆ ಎಳೆಯುತ್ತಾ ಉಳಿದಳು. ಸಂಜೆಯ ಹೊತ್ತು ಜಗುಲಿಯಲ್ಲಿ ಕೂತು ರಸ್ತೆ ನೋಡುವಳು. ದೂರದಲ್ಲಿ ಸದ್ದು ಕೇಳಿದರೆ ಎದ್ದು ನಿಲ್ಲುವಳು. ಹೋಗುವಾಗ ಎಡಬದಿ ಕಂಡರೆ ಬರುವಾಗ ಬಲಬದಿ. ಹದಿನೆಂಟರಲ್ಲಿ ನಾಲ್ಕು ಕಂಡವು. ಚೌಕಳಿಯದು ಎರಡು ಸಲ ಕಂಡಿತು. ತಿರುಪ್ಪೂರಿನ ಹಸಿರು ವಂಡಿಯನ್ನು ಚೆನ್ನಿಯಪ್ಪನ್ ಯಾರಿಗೋ ಮಾರಿದ ಎಂದು ಸುದ್ದಿ ಬಂತು, ಯಾರಿಗೆಂದು ಗೊತ್ತಾಗಲಿಲ್ಲ. ಅದು ಒಂದು ದಿನವೂ ಆ ರಸ್ತೆಯಲ್ಲಿ ಬರಲಿಲ್ಲ.

ಹೊರಟ ಬೆಳಗ್ಗೆ ಇದೊಂದೂ ಅವಳಿಗೆ ಗೊತ್ತಿರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಸ್ನಾನ ಮಾಡಿ, ಬಿಳೀ ಸೀರೆಯ ಮಡಿಕೆ ಬಿಡಿಸಿ ಉಟ್ಟಳು. ಲಿಂಗಪ್ಪನ್ ಜೊತೆಗೆ ಬರುತ್ತೇನೆ ಎಂದು ಅಂಗಿ ಹಾಕಿಕೊಂಡಿದ್ದ. ನೀನು ಪಕ್ಕದಲ್ಲಿದ್ದರೆ ನಾಚಿಕೆಪಟ್ಟು ಸಾಯ್ತೀಯ ಅಣ್ಣಾ, ಮನೇಲಿರು ಎಂದಳು. ಅವನು ಅಂಗಿ ಬಿಚ್ಚಲಿಲ್ಲ. ಪೊಳ್ಳಾಚಿಯಲ್ಲಿ ಇಳಿದು ಸ್ಟೇಷನ್ನಿಗೆ ಎಲ್ಲಿ ತಿರುಗಬೇಕು, ರೈಲಿನಲ್ಲಿ ಹೆಂಗಸರ ಡಬ್ಬಿ ಯಾವುದು, ಕೊಯಮತ್ತೂರಿನಲ್ಲಿ ಎರಡನೇ ಗೇಟು ದಾಟಿ ಯಾರನ್ನು ಕೇಳಬೇಕು, ಮೂರು ಸಲ ಹೇಳಿದ. ಮೂರು ಸಲವೂ ಅವಳು ಹೊಸದಾಗಿ ಕೇಳಿದ ಹಾಗೆ ತಲೆಯಾಡಿಸಿದಳು. ಬೆಳ್ಳಿಯಮ್ಮ ಮೊಸರನ್ನ ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಳು, ಉಪ್ಪಿನಕಾಯಿ ಎಣ್ಣೆ ಟ್ಯಾಂಕಿಗೆ ತಾಗದ ಹಾಗೆ ನೋಡ್ಕೋ ಎಂದಳು.

ನಾಚಿಯಮ್ಮ ಟ್ಯಾಂಕಿನ ವಾರ್ನಿಷ್‌ಗೆ ಬೆರಳು ಒತ್ತಿ ನೋಡಿದಳು. ಅಂಟಲಿಲ್ಲ. ಹಳೆಯ ಸೀರೆಯಲ್ಲಿ ಎರಡು ಸುತ್ತು ಸುತ್ತಿ, ಮೇಲೊಂದು ಗಂಟು ಹಾಕಿ ಎತ್ತಿಕೊಂಡಳು. ಅಭ್ಯಾಸಕ್ಕೆ ಹಿತ್ತಲ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದವಳು ನಿಂತು, ತಿರುಗಿ, ಮಗ್ಗದ ಕೋಣೆ ದಾಟಿ ಮುಂಬಾಗಿಲಿಗೆ ಬಂದಳು. ಬೆಳ್ಳಿಯಮ್ಮನ ರಂಗೋಲಿಯನ್ನು ತುಳಿಯದ ಹಾಗೆ ಸೀರೆ ಸ್ವಲ್ಪ ಎತ್ತಿಕೊಂಡು ಬೀದಿಗಿಳಿದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಅವಳು ಬೇಗ ಬೇಗ ನಡೆದಳು.